ತೋಟದ ಕಲ್ಲುಗೋಡೆ: ಕಲ್ಲಿನ ಆಯ್ಕೆಗಿಂತ ಮೊದಲು ನೀರಿನ ದಾರಿ

ಪ್ರಶ್ನೆ: ನಮ್ಮ ಕೈತೋಟ ಇಳಿಜಾರಿನಲ್ಲಿದೆ. ಮೇಲಿನ ಭಾಗದ ಮಣ್ಣನ್ನು ತಡೆಯಲು ಸುಮಾರು ಒಂದು ಮೀಟರು ಎತ್ತರ, ಎಂಟು ಮೀಟರು ಉದ್ದದ ಕಲ್ಲಿನ ಗೋಡೆಯೊಂದಿತ್ತು. ಸಿಮೆಂಟು ಗಾರೆ ಹಾಕಿ ಗಟ್ಟಿಯಾಗಿಯೇ ಕಟ್ಟಿದ್ದರೂ ಅದು ಕೆಲವೇ ವರ್ಷಗಳಲ್ಲಿ ಹೊಟ್ಟೆಬಿಟ್ಟು, ಒಂದು ಜೋರು ಮಳೆಯ ನಂತರ ಕುಸಿಯಿತು. ಈಗ ಕೆಲವರು ಗ್ರಾನೈಟ್ ಕಲ್ಲಿನಲ್ಲಿ ಇನ್ನೂ ಹೆಚ್ಚು ಸಿಮೆಂಟು ಹಾಕಿ ಕಟ್ಟಿಸಿ ಎನ್ನುತ್ತಾರೆ, ಇನ್ನು ಕೆಲವರು ಗಾರೆಯೇ ಬೇಡ ಎನ್ನುತ್ತಾರೆ. ಯಾವ ಕಲ್ಲು ಸೂಕ್ತ? ಗಾರೆಯಿಲ್ಲದ ಗೋಡೆ ನಿಲ್ಲುತ್ತದೆಯೇ? ಅದೇ ಕಲ್ಲಿನಿಂದ ಕಾಲುದಾರಿ ಮತ್ತು ಮೆಟ್ಟಿಲುಗಳನ್ನೂ ಮಾಡಿಕೊಳ್ಳಬಹುದೇ?

ಉತ್ತರ: ನಿಮ್ಮ ಹಳೆಯ ಗೋಡೆಯನ್ನು ನಾನು ನೋಡಿಲ್ಲವಾದರೂ, ಹೊಟ್ಟೆಬಿಟ್ಟು ಮಳೆಯ ನಂತರ ಕುಸಿದದ್ದು ಎಂಬ ಒಂದು ವಿವರವೇ ಬಹಳಷ್ಟನ್ನು ಹೇಳುತ್ತದೆ. ಕಲ್ಲು ಕಳಪೆಯಾದ್ದರಿಂದ ಬೀಳುವ ತೋಟದ ಗೋಡೆಗಳು ವಿರಳ. ಹಿಂದೆ ನಿಂತ ನೀರಿಗೆ ಹೊರಹೋಗಲು ದಾರಿ ಇಲ್ಲದ್ದರಿಂದ ಬೀಳುವವೇ ಹೆಚ್ಚು. ಆದ್ದರಿಂದ ಗ್ರಾನೈಟೋ ಮರಳುಗಲ್ಲೋ ಎಂಬ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಟ್ಟು, ಗೋಡೆಯ ಮೇಲೆ ಬೀಳುವ ಒತ್ತಡದ ಲೆಕ್ಕವನ್ನು ಮೊದಲು ನೋಡೋಣ.

ಒಂದು ಮೀಟರು ಎತ್ತರದ ಗೋಡೆಯ ಹಿಂದೆ ನೀರು ಬಸಿದುಹೋಗುವ ಸಾಧಾರಣ ಮಣ್ಣಿದ್ದರೆ, ಅದು ಗೋಡೆಯ ಪ್ರತಿ ಮೀಟರು ಉದ್ದವನ್ನು ಹೆಚ್ಚುಕಡಿಮೆ 300 ಕಿಲೋ ಭಾರದಷ್ಟು ಬಲದಿಂದ ಮುಂದಕ್ಕೆ ತಳ್ಳುತ್ತದೆ. ಅದೇ ಮಣ್ಣಿನಲ್ಲಿ ಗೋಡೆಯ ನೆತ್ತಿಯವರೆಗೆ ನೀರು ತುಂಬಿ ನಿಂತರೆ, ನೀರೊಂದೇ ಸುಮಾರು 500 ಕಿಲೋದಷ್ಟು ಒತ್ತುತ್ತದೆ. ನೀರಿನಲ್ಲಿ ಮುಳುಗಿ ಹಗುರಾದ ಮಣ್ಣಿನ ಒತ್ತಡವನ್ನೂ ಸೇರಿಸಿದರೆ ಒಟ್ಟು 650 ಕಿಲೋ ಆಗುತ್ತದೆ. ಈಗ ಗೋಡೆಯ ಕಡೆಯ ಲೆಕ್ಕಕ್ಕೆ ಬನ್ನಿ. ತಳದಲ್ಲಿ 60 ಸೆಂಟಿಮೀಟರು, ನೆತ್ತಿಯಲ್ಲಿ 43 ಸೆಂಟಿಮೀಟರು ದಪ್ಪವಿರುವ ಕಲ್ಲಿನ ಗೋಡೆ, ಸಂದುಗಳ ಖಾಲಿ ಜಾಗವನ್ನು ಕಳೆದರೆ, ಪ್ರತಿ ಮೀಟರು ಉದ್ದಕ್ಕೆ ಸರಿಸುಮಾರು ಒಂದು ಟನ್ ತೂಗುತ್ತದೆ. ತಳದ ಘರ್ಷಣೆ ಆ ತೂಕದ ಹತ್ತರಲ್ಲಿ ಆರು ಪಾಲು ಎಂದು ಹಿಡಿದರೆ, ಗೋಡೆ ಜಾರದೆ ತಡೆಯಬಲ್ಲದ್ದು 600 ಕಿಲೋ. ಅಂದರೆ ಬಸಿಯುವ ಮಣ್ಣಿನ ಮುಂದೆ ಎರಡರಷ್ಟು ಬಲದೊಂದಿಗೆ ನಿಲ್ಲುವ ಗೋಡೆಯೇ, ನೀರು ಕಟ್ಟಿದ ಮಣ್ಣಿನ ಮುಂದೆ ಸೋಲುತ್ತದೆ. ಸಂದುಗಳನ್ನೆಲ್ಲ ಸಿಮೆಂಟಿನಿಂದ ಮುಚ್ಚಿ, ಕೆಳಗೆ ನೀರುಕಿಂಡಿಗಳನ್ನು ಬಿಡದಿದ್ದರೆ, ನಾವೇ ಒಂದು ಸಣ್ಣ ಅಣೆಕಟ್ಟನ್ನು ಕಟ್ಟಿದಂತಾಗುತ್ತದೆ. ಆದರೆ ಅದಕ್ಕೆ ಅಣೆಕಟ್ಟಿನ ದಪ್ಪವಿರುವುದಿಲ್ಲ. ಇನ್ನಷ್ಟು ಸಿಮೆಂಟು ಹಾಕಿಸಿ ಎಂಬ ಸಲಹೆ ಈ ಕಾರಣಕ್ಕೆ ರೋಗವನ್ನು ಬಿಟ್ಟು ಲಕ್ಷಣಕ್ಕೆ ಮದ್ದು ಕೊಡುತ್ತದೆ.

ಎತ್ತರದ ಬಗ್ಗೆಯೂ ಇಲ್ಲಿಯೇ ಒಂದು ಮಾತು ಹೇಳಬೇಕು. ಗೋಡೆಯ ಎತ್ತರ ಎರಡರಷ್ಟಾದರೆ ಮಣ್ಣಿನ ತಳ್ಳುವಿಕೆ ನಾಲ್ಕರಷ್ಟಾಗುತ್ತದೆ, ಗೋಡೆಯನ್ನು ಮಗುಚಿಹಾಕುವ ಬಲ ಎಂಟರಷ್ಟಾಗುತ್ತದೆ. ಒಂದು ಮೀಟರಿಗೆ ಸರಿಹೋದ ವಿಧಾನವನ್ನು ಎರಡು ಮೀಟರಿಗೆ ಹಿಗ್ಗಿಸಲು ಹೋಗುವವರು ಎಡವುವುದು ಇಲ್ಲಿಯೇ. ಸುಮಾರು 1.2 ಮೀಟರಿಗಿಂತ ಎತ್ತರದ ಮಣ್ಣುತಡೆ ಗೋಡೆಯನ್ನು, ಅಥವಾ ಮೇಲ್ಭಾಗದಲ್ಲಿ ವಾಹನ ನಿಲ್ಲುವ, ಕಟ್ಟಡ ಇರುವ ಜಾಗದ ಗೋಡೆಯನ್ನು ಸಿವಿಲ್ ಎಂಜಿನಿಯರರ ಲೆಕ್ಕಾಚಾರವಿಲ್ಲದೆ ಕಟ್ಟಕೂಡದು. ಇಳಿಜಾರು ಹೆಚ್ಚಿದ್ದರೆ ಒಂದೇ ಎತ್ತರದ ಗೋಡೆಯ ಬದಲು, ನಡುವೆ ಸಾಕಷ್ಟು ಅಗಲದ ಹಾಸುಗಳನ್ನು ಬಿಟ್ಟು ಎರಡು ಮೂರು ಗಿಡ್ಡ ಗೋಡೆಗಳನ್ನು ಕಟ್ಟುವುದು ಸುರಕ್ಷಿತವೂ ಹೌದು, ನೋಡಲು ಚೆಂದವೂ ಹೌದು. ಗೋಡೆಗಳು ತೀರ ಹತ್ತಿರವಿದ್ದರೆ ಮಾತ್ರ ಮೇಲಿನದರ ಭಾರ ಕೆಳಗಿನದರ ಬೆನ್ನಿಗೆ ಬೀಳುತ್ತದೆ. ಕೆಳಗಿನ ಗೋಡೆಯ ಎತ್ತರದ ಎರಡರಷ್ಟಾದರೂ ಅಂತರ ಇರಲಿ.

ನಿಮ್ಮ ಗೋಡೆ ಒಂದೇ ಮೀಟರು ಎತ್ತರದ್ದು. ಅದಕ್ಕೆ ಗಾರೆಯಿಲ್ಲದ ಗೋಡೆ ನಿಲ್ಲುತ್ತದೆಯೇ ಎಂಬ ಪ್ರಶ್ನೆಗೆ ನನ್ನ ಉತ್ತರ, ನಿಲ್ಲುತ್ತದೆ ಎಂಬುದಷ್ಟೇ ಅಲ್ಲ, ನಿಮ್ಮ ಜಾಗಕ್ಕೆ ಅದೇ ಮೇಲು ಎಂಬುದು. ಅದರ ಸಂದುಸಂದುಗಳೆಲ್ಲ ನೀರಿಗೆ ಬಾಗಿಲುಗಳಾಗಿರುತ್ತವೆ. ಮಣ್ಣು ಸ್ವಲ್ಪ ಕುಸಿದರೂ ಉಬ್ಬಿದರೂ ಕಲ್ಲುಗಳು ಒಂದಿಷ್ಟು ಹೊಂದಿಕೊಂಡು ಮತ್ತೆ ಕೂರುತ್ತವೆ, ಸಿಮೆಂಟಿನ ಗೋಡೆಯಂತೆ ಬಿರುಕು ಬಿಡುವುದಿಲ್ಲ. ಪೆರು ದೇಶದ ಮಾಚು ಪಿಚುವಿನಲ್ಲಿ 15ನೆಯ ಶತಮಾನದಲ್ಲಿ ಕಟ್ಟಿದ ಹಂತಹಂತದ ಹೊಲಗಳು ಕಡಿದಾದ, ಮಳೆ ಸುರಿಯುವ ಬೆಟ್ಟದ ಮೈಯಲ್ಲಿ ಇಂದಿಗೂ ನಿಂತಿರುವುದಕ್ಕೆ ಕಾರಣ ಗೋಡೆಯ ಕಲ್ಲುಗಳಷ್ಟೇ ಅಲ್ಲ. ಅವುಗಳ ಹಿಂದೆ ಕೆಳಗಿನಿಂದ ಮೇಲಕ್ಕೆ ದಪ್ಪ ಕಲ್ಲು, ಜಲ್ಲಿ, ಮರಳುಮಿಶ್ರಿತ ಮಣ್ಣು, ಕೊನೆಗೆ ಫಲವತ್ತಾದ ಮಣ್ಣು ಎಂಬ ಪದರಗಳನ್ನು ಹಾಕಿ ನೀರನ್ನು ಇಳಿಸಿಬಿಟ್ಟ ಜಾಣ್ಮೆಯೂ ಕಾರಣ. ಗಾರೆಯಿಲ್ಲದ ಗೋಡೆಯ ಕಸುಬನ್ನು ಯುನೆಸ್ಕೊ 2018ರಲ್ಲಿ ಯುರೋಪಿನ ಎಂಟು ದೇಶಗಳ ಹೆಸರಿನಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಮಾನ್ಯತೆ ಸಿಕ್ಕಿದ್ದು ಈಚೆಗಾದರೂ ಕಲ್ಲು ಸಿಗುವ ನೆಲದಲ್ಲೆಲ್ಲ ರೈತರು ಈ ಕೆಲಸವನ್ನು ಯಾವ ಮಾನ್ಯತೆಯನ್ನೂ ಕಾಯದೆ ಮಾಡಿಕೊಂಡು ಬಂದಿದ್ದಾರೆ.

ಇನ್ನು ಕಟ್ಟುವ ಕ್ರಮ. ಮೇಲ್ಮಣ್ಣನ್ನು ಪೂರ್ತಿ ತೆಗೆದು, ಹಾರೆಗೆ ಗಟ್ಟಿ ನೆಲ ಸಿಗುವವರೆಗೆ, ಕಡಿಮೆಯೆಂದರೆ 20 ಸೆಂಟಿಮೀಟರು ಆಳಕ್ಕೆ, ಬುನಾದಿಯ ಗುಂಡಿಯನ್ನು ಅಗೆಯಬೇಕು. ಗುಂಡಿಯ ತಳ ದಿಣ್ಣೆಯ ಕಡೆಗೆ ತುಸು ವಾಲಿರಲಿ. ಜೇಡಿ ನೆಲವಾದರೆ ಇನ್ನಷ್ಟು ಆಳಕ್ಕೆ ಹೋಗಿ, ಜಲ್ಲಿ ಹಾಕಿ ದಮ್ಮಸ್ಸು ಮಾಡಬೇಕು. ಅತ್ಯಂತ ದೊಡ್ಡ, ಚಪ್ಪಟೆಯಾದ ಕಲ್ಲುಗಳನ್ನು ಚೆಂದ ಕಾಣಲೆಂದು ಮೇಲಿನ ಸಾಲುಗಳಿಗೆ ಎತ್ತಿಡುವ ಆಸೆ ಎಲ್ಲರಿಗೂ ಇರುತ್ತದೆ; ಅವು ಹೋಗಬೇಕಾದದ್ದು ಬುನಾದಿಗೆ. ಗೋಡೆಯ ಮುಂಭಾಗ ಪ್ರತಿ ಆರು ಸೆಂಟಿಮೀಟರು ಎತ್ತರಕ್ಕೆ ಒಂದು ಸೆಂಟಿಮೀಟರಿನಂತೆ ಹಿಂದಕ್ಕೆ ವಾಲುತ್ತ ಹೋಗಬೇಕು. ಎರಡೂ ತುದಿಗಳಲ್ಲಿ ಈ ಓರೆಗೆ ತಕ್ಕ ಮರದ ಚೌಕಟ್ಟುಗಳನ್ನು ನೆಟ್ಟು, ನಡುವೆ ನೂಲು ಕಟ್ಟಿಕೊಂಡು, ಸಾಲು ಏರಿದಂತೆ ನೂಲನ್ನೂ ಏರಿಸುತ್ತ ಹೋದರೆ ಕಣ್ಣಂದಾಜಿನ ಪ್ರಶ್ನೆಯೇ ಬರುವುದಿಲ್ಲ.

ಕಲ್ಲನ್ನು ಕೂರಿಸುವ ರೀತಿಯಲ್ಲಿ ಗೋಡೆಯ ಆಯುಷ್ಯವೆಲ್ಲ ಅಡಗಿರುವುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಕೈಗೆ ಬಂದ ಕಲ್ಲು 40 ಸೆಂಟಿಮೀಟರು ಉದ್ದ, 20 ಸೆಂಟಿಮೀಟರು ಅಗಲವಿದೆ ಎಂದುಕೊಳ್ಳಿ. ಉದ್ದನೆಯ ಬದಿಯನ್ನು ಹೊರಗೆ ತೋರಿಸಿ ಕೂರಿಸಿದರೆ ಒಂದೇ ಕಲ್ಲಿನಲ್ಲಿ ಗೋಡೆಯ ಎರಡು ಪಟ್ಟು ಮುಖ ಮುಗಿದಂತಾಗುತ್ತದೆ, ಕೆಲಸ ಬೇಗ ಸಾಗುತ್ತದೆ, ನೋಡಲೂ ದೊಡ್ಡ ಕಲ್ಲಿನ ಗೋಡೆಯಂತೆ ಕಾಣುತ್ತದೆ. ಆದರೆ ಅಂಥ ಕಲ್ಲು ಗೋಡೆಯೊಳಗೆ ಹೊಕ್ಕಿರುವುದು 20 ಸೆಂಟಿಮೀಟರು ಮಾತ್ರ. ಹಿಂದಿನಿಂದ ಒತ್ತಡ ಬಂದಾಗ ಅದನ್ನು ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಅಗಲವನ್ನು ಹೊರಗಿಟ್ಟು ಉದ್ದವನ್ನು ಗೋಡೆಯೊಳಕ್ಕೆ ಹೋಗುವಂತೆ ಕೂರಿಸಿದರೆ, ಮೇಲೆ ಬರುವ ಎರಡು ಕಲ್ಲುಗಳ ಭಾರ ಅದರ ಬಾಲವನ್ನು ಒತ್ತಿ ಹಿಡಿಯುತ್ತದೆ. ಹೊಟ್ಟೆಬಿಟ್ಟ ಗೋಡೆಗಳನ್ನು ಬಿಚ್ಚಿದಾಗ ನೀರಿನ ನಂತರ ನಾನು ಅತಿ ಹೆಚ್ಚು ಕಂಡಿರುವ ದೋಷ ಇದೇ. ಗುತ್ತಿಗೆಗೆ ಕೊಟ್ಟು ಕಟ್ಟಿಸುವುದಾದರೆ ನೀವು ಮೊದಲು ಗಮನಿಸಬೇಕಾದದ್ದೂ ಇದನ್ನೇ.

ಎರಡು ಕಲ್ಲುಗಳ ನಡುವಿನ ಸಂದಿನ ಮೇಲೆ ಒಂದು ಕಲ್ಲು, ಒಂದು ಕಲ್ಲಿನ ಮೇಲೆ ಎರಡರ ಸಂದು ಬರುವಂತೆ ಜೋಡಿಸಬೇಕು. ಮೂರು ಸಾಲುಗಳ ಸಂದು ಒಂದೇ ನೇರಕ್ಕೆ ಬಂದರೆ ಗೋಡೆ ಅಲ್ಲಿ ಸೀಳುತ್ತದೆ. ಪ್ರತಿಯೊಂದು ಕಲ್ಲೂ ಕೂತ ಮೇಲೆ ಅಲುಗಾಡಬಾರದು. ಅಲುಗಾಡಿದರೆ ಹಿಂದಿನಿಂದ, ಗೋಡೆಯ ಒಳಗಡೆಯಿಂದ, ಚಕ್ಕೆ ಕೊಟ್ಟು ಬಿಗಿ ಮಾಡಬೇಕು. ಮುಂದಿನಿಂದ ತುರುಕಿದ ಚಕ್ಕೆ ಆ ದಿನ ಬಿಗಿಯಾಗಿಯೇ ಇರುತ್ತದೆ, ಆದರೆ ಗೋಡೆ ಕೂರುತ್ತ ಹೋದಂತೆ ಸಡಿಲವಾಗಿ ಕೆಳಗೆ ಬೀಳುತ್ತದೆ, ಅದರ ಹಿಂದೆಯೇ ಕಲ್ಲೂ ಸಡಿಲವಾಗುತ್ತದೆ. ಗೋಡೆಯ ನಡುವಿನ ಪೊಳ್ಳನ್ನು ಕೈಯಿಂದ ಒಂದೊಂದೇ ಚೂರುಗಲ್ಲಿಟ್ಟು ತುಂಬಬೇಕು. ಬುಟ್ಟಿಯಲ್ಲಿ ಸುರಿದ ಸಣ್ಣ ಜಲ್ಲಿಯೋ ಮಣ್ಣೋ ಅಲ್ಲಿ ತುಂಬಿದರೆ, ಅದು ಕ್ರಮೇಣ ಕೆಳಗಿಳಿದು ಮುಖದ ಕಲ್ಲುಗಳನ್ನು ಒಳಗಿನಿಂದಲೇ ಹೊರಕ್ಕೆ ದೂಡುತ್ತದೆ. ಅರ್ಧ ಎತ್ತರದಲ್ಲಿ, ಮೀಟರಿಗೊಂದರಂತೆ, ಗೋಡೆಯ ಪೂರ್ತಿ ದಪ್ಪಕ್ಕೆ ಹಾಯುವ ಉದ್ದನೆಯ ಕಟ್ಟುಗಲ್ಲುಗಳನ್ನು ಹಾಕಿಸಿ. ಇವು ಹಿಂದೆ ಮಣ್ಣಿನೊಳಕ್ಕೂ ತುಸು ಚಾಚಿದರೆ ಇನ್ನೂ ಒಳ್ಳೆಯದು.

ಗೋಡೆಯ ಹಿಂಬದಿಗೆ 30 ಸೆಂಟಿಮೀಟರು ಅಗಲದಷ್ಟು 20ರಿಂದ 40 ಮಿಲಿಮೀಟರಿನ ಜಲ್ಲಿಯನ್ನು ತುಂಬಬೇಕು. ಗೋಡೆ ಮುಗಿದ ಮೇಲೆ ಒಮ್ಮೆಗೇ ಸುರಿಯುವುದಲ್ಲ. ಒಂದೊಂದು ಸಾಲು ಏರಿದಂತೆ ಜಲ್ಲಿಯನ್ನೂ ಏರಿಸಿ, ಕೈ ದಮ್ಮಸ್ಸಿನಿಂದ ಹದವಾಗಿ ಕುಟ್ಟಬೇಕು. ಜಲ್ಲಿಗೂ ಮಣ್ಣಿಗೂ ನಡುವೆ ನೀರು ಸೋಸುವ ಜಿಯೋಟೆಕ್ಸ್‌ಟೈಲ್ ಬಟ್ಟೆಯನ್ನು ಇಳಿಬಿಟ್ಟರೆ ಮಣ್ಣಿನ ನುಣುಪು ಕಣಗಳು ಬಂದು ಜಲ್ಲಿಯ ಸಂದುಗಳನ್ನು ಮುಚ್ಚುವುದಿಲ್ಲ. ಪ್ಲಾಸ್ಟಿಕ್ ಹಾಳೆಯನ್ನು ಈ ಜಾಗದಲ್ಲಿ ಹಾಕುವವರಿದ್ದಾರೆ. ಅದು ನೀರನ್ನೇ ತಡೆಯುವುದರಿಂದ ಉದ್ದೇಶಕ್ಕೆ ಪೂರ್ತಿ ವಿರುದ್ಧ. ಮೇಲಿನಿಂದ ಬರುವ ನೀರು ಹೆಚ್ಚಿದ್ದರೆ ಜಲ್ಲಿಯ ತಳದಲ್ಲಿ ತೂತುಗಳಿರುವ 100 ಮಿಲಿಮೀಟರಿನ ಪೈಪನ್ನು ನೂರಕ್ಕೆ ಒಂದರ ಇಳಿಜಾರಿನಲ್ಲಿ ಮಲಗಿಸಿ, ಅದರ ಬಾಯಿಯನ್ನು ಗೋಡೆಯ ತುದಿಯಿಂದ ಆಚೆ ತಗ್ಗಿಗೆ ಬಿಡಬೇಕು. ಗೋಡೆಯ ನೆತ್ತಿಯ ಹಿಂದೆ ಒಂದು ಆಳವಿಲ್ಲದ ಕಾಲುವೆಯನ್ನು ತೆಗೆದು ಮಳೆನೀರನ್ನು ಪಕ್ಕಕ್ಕೆ ತಿರುಗಿಸಿಬಿಟ್ಟರೆ ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ.

ಇಷ್ಟೆಲ್ಲ ಹೇಳಿದರೂ ಗಾರೆ ಎಲ್ಲಿಯೂ ಬೇಡ ಎಂಬ ಹಟ ನನಗಿಲ್ಲ. ಜನ ಕುಳಿತುಕೊಳ್ಳುವ ಕಟ್ಟೆ, ಗೇಟಿನ ಕಂಬ, ಮಕ್ಕಳು ಹತ್ತಿ ಓಡಾಡುವ ಗೋಡೆಯ ನೆತ್ತಿ, ಇವುಗಳಿಗೆ ಗಾರೆ ಬೇಕು. ಇಡೀ ಗೋಡೆಗೇ ಗಾರೆ ಹಾಕಬೇಕೆಂದಿದ್ದರೆ ಕಾಂಕ್ರೀಟಿನ ಬುನಾದಿ ಹಾಕಿ, ಕೆಳಸಾಲಿನಲ್ಲಿ ಒಂದೂವರೆ ಮೀಟರಿಗೊಂದರಂತೆ 75 ಮಿಲಿಮೀಟರಿನ ನೀರುಕಿಂಡಿಗಳನ್ನು ಬಿಟ್ಟು, ಹಿಂದಿನ ಜಲ್ಲಿಯ ವ್ಯವಸ್ಥೆಯನ್ನು ಯಥಾಪ್ರಕಾರ ಉಳಿಸಿಕೊಳ್ಳಬೇಕು. ಗಾರೆ ಯಾವತ್ತೂ ಕಲ್ಲಿಗಿಂತ ಮೃದುವಾಗಿರಬೇಕು ಎಂಬುದು ಹಳಬರ ನಿಯಮ. ಅದಕ್ಕೆ ಕಾರಣವಿದೆ. ಮರಳುಗಲ್ಲು, ಸುಣ್ಣಗಲ್ಲುಗಳಂಥ ಮೃದು ಕಲ್ಲುಗಳ ನಡುವೆ ಗಡುಸಾದ ಸಿಮೆಂಟು ತುಂಬಿದರೆ, ಗೋಡೆಯೊಳಗಿನ ತೇವ ಸಂದಿನ ಮೂಲಕ ಆರಲಾರದೆ ಕಲ್ಲಿನ ಮೂಲಕವೇ ಹೊರಬರುತ್ತದೆ. ಬರುವಾಗ ತಂದ ಲವಣಗಳು ಕಲ್ಲಿನ ಮೇಲ್ಮೈಯಡಿ ಹರಳುಗಟ್ಟಿ ಅದರ ಮುಖವನ್ನು ಪುಡಿಪುಡಿಯಾಗಿ ಉದುರಿಸುತ್ತವೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆ ಇಂಥ ಕಲ್ಲುಗಳಿಗೆ ಒಗ್ಗುತ್ತದೆ. ಗ್ರಾನೈಟಿನಂಥ ಗಡಸು ಕಲ್ಲಿಗೆ ಒಂದಕ್ಕೆ ಆರರ ಸಿಮೆಂಟು ಗಾರೆಯಿಂದ ತೊಂದರೆಯಿಲ್ಲ.

ಈಗ ಕಲ್ಲಿನ ಜಾತಿಗೆ ಬರೋಣ. ಗ್ರಾನೈಟ್ ಘನಮೀಟರಿಗೆ ಸುಮಾರು 2,650 ಕಿಲೋ ತೂಗುತ್ತದೆ, ನೀರನ್ನು ಹೀರುವುದು ತೀರ ಕಡಿಮೆ, ಸವೆಯುವುದು ಇನ್ನೂ ಕಡಿಮೆ. ಮಣ್ಣುತಡೆ ಗೋಡೆಗೆ ತೂಕವೇ ಬಲವಾದ್ದರಿಂದ ಅದೂ, ಅದಕ್ಕಿಂತ ಭಾರವಾದ ಬಸಾಲ್ಟೂ ಒಳ್ಳೆಯ ಆಯ್ಕೆಗಳು. ಆದರೆ ಗರಗಸದಲ್ಲಿ ಕೊಯ್ದು ನಯವಾದ ಮುಖಗಳಿಗಿಂತ, ಸುತ್ತಿಗೆಯಿಂದ ಒಡೆದ ಒರಟು ಮುಖಗಳು ಒಂದನ್ನೊಂದು ಚೆನ್ನಾಗಿ ಕಚ್ಚಿಕೊಳ್ಳುತ್ತವೆ. ಹೊಳೆಯ ಗುಂಡುಕಲ್ಲುಗಳು ಎಷ್ಟೇ ಗಟ್ಟಿಯಾಗಿದ್ದರೂ ಗಾರೆಯಿಲ್ಲದ ಗೋಡೆಗೆ ಬಾರವು. ಅವು ಒಂದಕ್ಕೊಂದು ತಾಗುವುದೇ ಒಂದೊಂದು ಬಿಂದುವಿನಲ್ಲಿ. ಹೊಳೆಯ ಪಾತ್ರದಿಂದ ಕಲ್ಲೆತ್ತಿದರೆ ದಡ ಕೊರೆತಕ್ಕೆ ಸಿಗುತ್ತದೆ, ಜಲಚರಗಳ ನೆಲೆ ಹಾಳಾಗುತ್ತದೆ ಎಂಬ ಮಾತು ಬೇರೆ. ಮರಳುಗಲ್ಲು ಪದರಪದರವಾಗಿ ರೂಪುಗೊಂಡದ್ದು. ನೆಲದಲ್ಲಿ ಅದರ ಪದರಗಳು ಹೇಗೆ ಮಲಗಿದ್ದವೋ ಗೋಡೆಯಲ್ಲೂ ಹಾಗೆಯೇ ಮಲಗಿರಬೇಕು. ಪದರಗಳನ್ನು ನಿಲ್ಲಿಸಿ ಮುಖಕ್ಕೆ ಕೊಟ್ಟರೆ ಈರುಳ್ಳಿಯ ಸಿಪ್ಪೆಯಂತೆ ಒಂದೊಂದೇ ಕಳಚಿಕೊಳ್ಳುತ್ತದೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಸೀಮೆಗಳಲ್ಲಿ ಈ ಎಚ್ಚರಿಕೆ ಇನ್ನೂ ಮುಖ್ಯ, ಏಕೆಂದರೆ ಮಂಜುಗಡ್ಡೆಯಾಗುವಾಗ ನೀರಿನ ಗಾತ್ರ ಶೇಕಡಾ 9ರಷ್ಟು ಹಿಗ್ಗುತ್ತದೆ. ಜಂಬಿಟ್ಟಿಗೆ ಅಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಕಲ್ಲು. ಕೊಯ್ದ ಕೂಡಲೇ ಬಳಸದೆ ಕೆಲವು ತಿಂಗಳು ಬಿಟ್ಟು ಕಟ್ಟಿದರೆ ಗಿಡ್ಡ ಗೋಡೆಗಳಿಗೆ, ಪಾತಿಯ ಅಂಚುಗಳಿಗೆ ಚೆನ್ನಾಗಿ ಒದಗುತ್ತದೆ.

ಸುಣ್ಣಗಲ್ಲಿನ ವಿಷಯದಲ್ಲಿ ತೋಟಗಾರರು ಮರೆಯುವ ಅಂಶವೊಂದಿದೆ. ಮಳೆನೀರು ಅದನ್ನು ಸ್ವಲ್ಪಸ್ವಲ್ಪವೇ ಕರಗಿಸಿ ಕೆಳಗಿನ ಮಣ್ಣಿನ ಕ್ಷಾರತೆಯನ್ನು ಹೆಚ್ಚಿಸುತ್ತದೆ. ಕಮೀಲಿಯ, ಅಜೇಲಿಯಗಳಂಥ ಆಮ್ಲೀಯ ಮಣ್ಣನ್ನು ಬಯಸುವ ಗಿಡಗಳು ಅಂಥ ಗೋಡೆಯ ಬುಡದಲ್ಲಿ ಎಲೆ ಹಳದಿಯಾಗಿ ಸೊರಗುತ್ತವೆ. ಕಲ್ಲು ಸುಣ್ಣದ್ದೋ ಅಲ್ಲವೋ ತಿಳಿಯಲು ಅದರ ಹೊಸದಾಗಿ ಒಡೆದ ಮುಖವನ್ನು ಸ್ವಲ್ಪ ಕೆರೆದು ಆ ಪುಡಿಯ ಮೇಲೆ ನಾಲ್ಕು ಹನಿ ವಿನೆಗರ್ ಹಾಕಿ ನೋಡಿ. ಗುಳ್ಳೆಗಳೆದ್ದರೆ ಸುಣ್ಣದಂಶ ಇದೆ ಎಂದರ್ಥ. ಇನ್ನೂ ಎರಡು ಸುಲಭದ ಪರೀಕ್ಷೆಗಳನ್ನು ಕಲ್ಲಿನ ರಾಶಿಯ ಬಳಿಯೇ ಮಾಡಬಹುದು. ಸುತ್ತಿಗೆಯಿಂದ ಬಡಿದಾಗ ಕಣಕಣ ಎಂದರೆ ಕಲ್ಲು ಗಟ್ಟಿಯಾಗಿದೆ, ದಬದಬ ಎಂದರೆ ಒಳಗೆ ಬಿರುಕೋ ಕೊಳೆತವೋ ಇದೆ. ಒಣಗಿದ ಕಲ್ಲಿನ ತುಂಡೊಂದನ್ನು ತೂಗಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮೇಲ್ಮೈ ಒರೆಸಿ ಮತ್ತೆ ತೂಗಿದರೆ ಅದು ಎಷ್ಟು ನೀರು ಹೀರುತ್ತದೆ ಎಂಬುದು ತಿಳಿಯುತ್ತದೆ. ನೂರಕ್ಕೆ ಮೂರು ಪಾಲಿಗಿಂತ ಹೆಚ್ಚು ಹೀರುವ ಕಲ್ಲನ್ನು ಬುನಾದಿಗೂ ಸದಾ ತೇವವಿರುವ ಜಾಗಕ್ಕೂ ನಾನಂತೂ ಒಪ್ಪುವುದಿಲ್ಲ. ಕಲ್ಲಿನಲ್ಲಿ ಹಿತ್ತಾಳೆಯ ಬಣ್ಣದ ಮಿನುಗುವ ಚುಕ್ಕೆಗಳಿದ್ದರೆ ಅದು ಪೈರೈಟ್ ಇರಬಹುದು. ಮಳೆಗೆ ತೋಯ್ದಂತೆ ತುಕ್ಕಿನ ಗೆರೆಗಳು ಇಳಿಯುತ್ತವೆ.

ಎಷ್ಟು ಕಲ್ಲು ಬೇಕು ಎಂದು ನೀವು ಕೇಳಿಲ್ಲವಾದರೂ ಹೇಳಿಬಿಡುತ್ತೇನೆ. ನೆಲದ ಮೇಲಿನ ಗೋಡೆ ನಾಲ್ಕು ಘನಮೀಟರು, ಬುನಾದಿ ಒಂದು ಘನಮೀಟರು, ಒಟ್ಟು ಐದು. ಸಂದು ಬಿಟ್ಟು ಘನಮೀಟರಿಗೆ ಎರಡು ಟನ್ನಿನಂತೆ ಹತ್ತು ಟನ್ ಆಗುತ್ತದೆ. ಒಡೆದು ಹೋಗುವುದಕ್ಕೆ ಇನ್ನೊಂದು ಟನ್ ಸೇರಿಸಿ. ಹಳೆಯ ಗೋಡೆಯ ಕಲ್ಲುಗಳನ್ನು ಗಾರೆ ಕಿತ್ತು ಖಂಡಿತ ಮತ್ತೆ ಬಳಸಬಹುದು.

ಕಾಲುದಾರಿಗೂ ಮೆಟ್ಟಿಲಿಗೂ ಅದೇ ಜಾತಿಯ ಕಲ್ಲನ್ನು ಬಳಸುವುದು ನೋಟಕ್ಕೆ ಒಳ್ಳೆಯದೇ, ಆದರೆ ಆಕಾರ ಬೇರೆ ಬೇಕಾಗುತ್ತದೆ. ದಾರಿಗೆ 40ರಿಂದ 50 ಮಿಲಿಮೀಟರು ದಪ್ಪದ ಚಪ್ಪಡಿ, ಅದರಡಿ ಕುಟ್ಟಿ ಗಟ್ಟಿ ಮಾಡಿದ 100 ಮಿಲಿಮೀಟರು ಜಲ್ಲಿಯ ಹಾಸು ಇರಲಿ. ದಾರಿ ಒಂದು ಬದಿಗೆ ಅರವತ್ತಕ್ಕೆ ಒಂದರಷ್ಟು ವಾಲಿರಲಿ. ಹೊಳಪು ಕೊಟ್ಟ ಗ್ರಾನೈಟನ್ನು ಹೊರಾಂಗಣದ ನೆಲಕ್ಕೆ ಹಾಕಲೇಬಾರದು. ಬೆಂಕಿಯಲ್ಲಿ ಸುಟ್ಟು ಅಥವಾ ಚಾಣದಿಂದ ಕುಟ್ಟಿ ಒರಟು ಮಾಡಿದ್ದನ್ನೇ ಕೇಳಿ. ಕಪ್ಪು ಬಸಾಲ್ಟ್ ಬಿಸಿಲಿಗೆ ಬರಿಗಾಲು ಇಡಲಾಗದಷ್ಟು ಕಾಯುತ್ತದೆ. ಹುಲ್ಲಿನ ನಡುವೆ ಬಿಡಿ ಚಪ್ಪಡಿಗಳನ್ನು ಇಡುವುದಾದರೆ ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 60 ಸೆಂಟಿಮೀಟರಿನ ಆಸುಪಾಸು ಇರಲಿ. ಕಡಿಮೆ ಎತ್ತರದವರನ್ನೂ ಒಮ್ಮೆ ನಡೆಸಿ ನೋಡಿಯೇ ಹೂಳಿರಿ. ಮೆಟ್ಟಿಲಿಗೆ ಫ್ರಾನ್ಸಿನ ಫ್ರಾಂಸ್ವಾ ಬ್ಲಾಂಡೆಲ್ 17ನೆಯ ಶತಮಾನದಲ್ಲಿ ಕೊಟ್ಟ ಸೂತ್ರವೇ ಇಂದಿಗೂ ಆಧಾರ: ಎತ್ತರದ ಎರಡರಷ್ಟಕ್ಕೆ ಅಗಲವನ್ನು ಕೂಡಿದರೆ ಒಂದು ಹೆಜ್ಜೆಯಷ್ಟು, ಈಗಿನ ಅಳತೆಯಲ್ಲಿ 63 ಸೆಂಟಿಮೀಟರಿನಷ್ಟು, ಆಗಬೇಕು. 14 ಸೆಂಟಿಮೀಟರು ಎತ್ತರಕ್ಕೆ 35 ಸೆಂಟಿಮೀಟರು ಅಗಲ ತೋಟದ ನಡಿಗೆಗೆ ಹಿತವಾಗಿರುತ್ತದೆ. ಎಲ್ಲ ಮೆಟ್ಟಿಲುಗಳ ಎತ್ತರವೂ ಒಂದೇ ಆಗಿರಬೇಕು, ಪ್ರತಿಯೊಂದೂ ಮುಂದಕ್ಕೆ ತುಸು ವಾಲಿ ನೀರನ್ನು ಚೆಲ್ಲಬೇಕು.

ದೊಡ್ಡ ಬಂಡೆಗಳನ್ನು ಅಲಂಕಾರಕ್ಕೆ ಇಡುವ ಮನಸ್ಸಿದ್ದರೆ ಮೂರರಲ್ಲಿ ಒಂದು ಪಾಲನ್ನಾದರೂ ನೆಲದೊಳಗೆ ಹೂಳಿ, ಗೆರೆಗಳಿರುವ ಬಂಡೆಗಳಾದರೆ ಎಲ್ಲದರ ಗೆರೆಯನ್ನೂ ಒಂದೇ ದಿಕ್ಕಿಗೆ ಹೊಂದಿಸಿ. ಸಂಖ್ಯೆ ಕಡಿಮೆಯಿದ್ದಷ್ಟೂ ಒಳ್ಳೆಯದು. ಜಪಾನಿನ ಕ್ಯೋಟೋ ನಗರದ ರ್ಯೋವಾಂಜಿ ದೇಗುಲದ ಪ್ರಸಿದ್ಧ ಕಲ್ಲುತೋಟದಲ್ಲಿರುವುದೇ 15 ಬಂಡೆಗಳು, ಅದರಲ್ಲೂ ಜಗಲಿಯ ಮೇಲೆ ಎಲ್ಲಿ ಕುಳಿತರೂ ಒಂದಾದರೂ ಮರೆಯಾಗಿರುತ್ತದೆ.

ಕೆಲಸ ನಡೆಯುವಾಗ ಒಂದು ವಿಷಯದಲ್ಲಿ ಯಾವ ರಿಯಾಯಿತಿಯೂ ಬೇಡ. ಗ್ರಾನೈಟ್, ಮರಳುಗಲ್ಲುಗಳನ್ನು ಯಂತ್ರದಿಂದ ಕೊಯ್ಯುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶದಲ್ಲಿ ಕೂತರೆ ಬರುವ ಸಿಲಿಕೋಸಿಸ್‌ಗೆ ಗುಣಪಡಿಸುವ ಚಿಕಿತ್ಸೆಯಿಲ್ಲ. ನೀರು ಹರಿಸುತ್ತಲೇ ಕೊಯ್ಯಬೇಕು, ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು, ಸೂಕ್ಷ್ಮ ಧೂಳನ್ನು ತಡೆಯುವ ಮಾಸ್ಕ್ ಬೇಕು. ಕೂಲಿಯವರ ಬಳಿ ಇಲ್ಲದಿದ್ದರೆ ಕೆಲಸ ಕೊಟ್ಟವರೇ ಒದಗಿಸಬೇಕು.

ಗೋಡೆ ಮುಗಿದ ಮೇಲೆ ಹೊಳಪಿನ ಸೀಲರ್ ಬಳಿಯಲು ಹೇಳುವವರು ಬಂದೇ ಬರುತ್ತಾರೆ. ಮಣ್ಣಿಗೆ ಬೆನ್ನು ಕೊಟ್ಟ ಗೋಡೆಗೆ ಹಿಂದಿನಿಂದ ತೇವ ಬರುತ್ತಲೇ ಇರುವುದರಿಂದ, ಮುಂದೆ ಪದರ ಬಳಿದರೆ ಅದು ಒಳಗೇ ಸಿಕ್ಕಿಕೊಂಡು ಪದರವನ್ನೂ ಕಲ್ಲಿನ ಮುಖವನ್ನೂ ಕೀಳುತ್ತದೆ, ನಯವಾಗಿ ನಿರಾಕರಿಸಿ. ಸಂದುಗಳಲ್ಲಿ ಹಾವಸೆ, ಜರಿಗಿಡ, ಸಣ್ಣ ಹೂಗಿಡಗಳು ಬೆಳೆದರೆ ಬೆಳೆಯಲಿ, ಅವುಗಳಿಂದ ಅಪಾಯವಿಲ್ಲ. ಆಲ, ಅರಳಿ, ಅತ್ತಿಯ ಜಾತಿಯ ಸಸಿಗಳನ್ನು ಮಾತ್ರ ಎರಡೆಲೆಯಿರುವಾಗಲೇ ಬೇರುಸಹಿತ ಕೀಳಬೇಕು. ಮೊದಲ ಒಂದೆರಡು ಮಳೆಗಾಲಗಳ ನಂತರ ಗೋಡೆಯ ಎರಡು ತುದಿಗಳಿಗೆ ಮತ್ತೆ ನೂಲು ಕಟ್ಟಿ ನೋಡಿ: ಎಲ್ಲಿಯಾದರೂ ಕಲ್ಲುಗಳು ನೂಲನ್ನು ಮುಂದಕ್ಕೆ ತಳ್ಳುತ್ತಿದ್ದರೆ ಆ ಭಾಗವನ್ನಷ್ಟೇ ಬಿಚ್ಚಿ, ಹಿಂದಿನ ಜಲ್ಲಿಯಲ್ಲಿ ಮಣ್ಣು ಸೇರಿದೆಯೇ ಎಂದು ನೋಡಿ, ಸೇರಿದ್ದರೆ ಅದನ್ನು ತೆಗೆದು ಹೊಸ ಜಲ್ಲಿ ತುಂಬಿ, ಅದೇ ಕಲ್ಲುಗಳಿಂದ ಮತ್ತೆ ಕಟ್ಟಬಹುದು.